ಮೂಲೆಯ ಮೇಲೆ ನಿಂತ ಮನೆಗಳು: ರಾಟರ್‌ಡ್ಯಾಮ್‌ನ ಘನಾಕೃತಿ ಮನೆಗಳನ್ನು ನೋಡಿಬರುವ ಬಗೆ

ಅಡಿಕೆ ಕೊಯ್ಲು ಮುಗಿದು, ಸುಲಿದು ಬೇಯಿಸಿ ಒಣಗಿಸಿದ್ದೆಲ್ಲ ಮಂಡಿ ಸೇರಿದ ಮೇಲೆ, ಮಕ್ಕಳನ್ನು ನೋಡಿಕೊಂಡು ಬರಲು ಹಾಲೆಂಡಿಗೆ ಹೋಗುವ ತಂದೆ-ತಾಯಂದಿರು ನಮ್ಮ ತೀರ್ಥಹಳ್ಳಿ, ಸಾಗರದ ಕಡೆ ಈಗ ಅಪರೂಪವಲ್ಲ. ಹೋದವರು ಟ್ಯುಲಿಪ್ ತೋಟ, ಗಾಳಿಯಂತ್ರ, ಆಮ್‌ಸ್ಟರ್‌ಡ್ಯಾಮ್‌ನ ಕಾಲುವೆಗಳನ್ನು ನೋಡಿ, ಜೂನ್ ಹಿಡಿಯುವ ಮೊದಲು ತೋಟಕ್ಕೆ ಬೋರ್ಡೋ ಔಷಧಿ ಹೊಡೆಸುವ ಹೊತ್ತಿಗೆ ಮರಳುತ್ತಾರೆ. ರಾಟರ್‌ಡ್ಯಾಮ್ ನಗರದ ಘನಾಕೃತಿ ಮನೆಗಳ ಹೆಸರು ಹೇಳಿದರೆ, 'ಅದಾ, ಆ ಹಳದಿ ಡಬ್ಬಿಗಳು, ಫೋಟೋ ತೆಗೆಸಿಕೊಂಡೆವು' ಎನ್ನುತ್ತಾರೆ. ಮಗಳು ಡೆಲ್ಫ್ಟ್‌ನಲ್ಲಿ ಓದುತ್ತಿದ್ದಾಗ ಮೊದಲ ಸಲ ಅಲ್ಲಿಗೆ ಹೋದ ನಾನೂ ಮಾಡಿದ್ದು ಅದನ್ನೇ. ಕೆಳಗೆ ನಿಂತು ಕತ್ತೆತ್ತಿ ನೋಡಿ, ಇಪ್ಪತ್ತು ನಿಮಿಷದಲ್ಲಿ ಹೊರಟುಬಿಟ್ಟೆ. ಒಳಗೆ ಹೋಗಿ ಮೆಟ್ಟಿಲು ಹತ್ತಿದ್ದು ಎರಡನೆಯ ಪ್ರವಾಸದಲ್ಲಿ. ಹೊರಗಿನಿಂದ ಆ ಮನೆಗಳು ವಿಚಿತ್ರವಾಗಿ ಕಾಣುತ್ತವೆ, ಆದರೆ ಅರ್ಥವಾಗುವುದು ಒಳಗೆ ಹೋದಾಗ. ಅದೂ ಇಳಿಜಾರು ಮಾಡಿನ ಹಂಚಿನ ಮನೆಯಲ್ಲಿ ಬೆಳೆದವರಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಈ ಬರಹವನ್ನು ಮುಖ್ಯವಾಗಿ ನಮ್ಮ ಕಡೆಯಿಂದ ಹೋಗುವ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಅದು ಏನೆಂದು ತಿಳಿದಿರಬೇಕು. ಈ ಮನೆಗಳನ್ನು ರೂಪಿಸಿದವರು ಪೀಟ್ ಬ್ಲೋಮ್ (1934–1999) ಎಂಬ ಡಚ್ ವಾಸ್ತುಶಿಲ್ಪಿ. ನಗರದ ಬ್ಲಾಕ್ ಎಂಬ ದೊಡ್ಡ ರಸ್ತೆಯ ಪಕ್ಕದಲ್ಲಿಯೂ ಅದರ ಮೇಲೆ ಹಾದುಹೋಗುವ ಕಾಲುಸೇತುವೆಯ ಮೇಲೂ ಇವು ಸಾಲಾಗಿ ನಿಂತಿವೆ. 1984ರಲ್ಲಿ ಪೂರ್ಣಗೊಂಡ ಈ ಸಮುಚ್ಚಯದಲ್ಲಿ 38 ಸಾಮಾನ್ಯ ಗಾತ್ರದ ಮನೆಗಳೂ ಎರಡು ದೊಡ್ಡ ಘನಗಳೂ ಇವೆ. ಪ್ರತಿ ಮನೆಯೂ ಏಳೂವರೆ ಮೀಟರ್ ಅಂಚಿನ ಒಂದು ಘನ. ಆ ಘನವನ್ನು ತಳದ ಮೇಲೆ ಕೂರಿಸದೆ, ಒಂದು ಮೂಲೆ ನೇರ ಕೆಳಗೂ ಅದರ ಎದುರಿನ ಮೂಲೆ ನೇರ ಮೇಲೂ ಬರುವಂತೆ ವಾಲಿಸಿ, ಆರು ಮುಖದ ಕಾಂಕ್ರೀಟ್ ಕಂಬದ ಮೇಲೆ ಎತ್ತಿ ನಿಲ್ಲಿಸಲಾಗಿದೆ. ಬ್ಲೋಮ್ ಅವರ ಕಲ್ಪನೆಯಲ್ಲಿ ಕಂಬವೆಂದರೆ ಮರದ ಬೊಡ್ಡೆ, ಮೇಲಿನ ಘನವೆಂದರೆ ಮರದ ತಲೆ, ಎಲ್ಲ ಮನೆಗಳೂ ಸೇರಿದರೆ ಒಂದು ಕಾಡು. ಕಾಡಿನ ನೆಲ ಎಲ್ಲರದೂ ಆಗಿರುವಂತೆ ಕೆಳಗಿನ ಜಾಗ ಓಡಾಡುವವರಿಗೆ ಬಿಟ್ಟದ್ದು, ವಾಸವೆಲ್ಲ ಮೇಲೆ. ಮನೆಗಳನ್ನು ಕಂಬದ ಮೇಲೆತ್ತಿ ನೆಲವನ್ನು ಊರಿಗೆ ಬಿಟ್ಟುಕೊಡುವ ಈ ಯೋಚನೆಯನ್ನು ಅವರು ಹೆಂಗೆಲೋ ಎಂಬ ಊರಿನ 'ಕಸ್ಬಾ' ಬಡಾವಣೆಯಲ್ಲಿ 1970ರ ದಶಕದ ಆರಂಭದಲ್ಲಿಯೇ ಪ್ರಯೋಗಿಸಿದ್ದರು.

ಇಂಥದ್ದೊಂದು ಪ್ರಯೋಗ ಅಲ್ಲಿಯೇ ಏಕಾಯಿತು ಎಂಬುದಕ್ಕೆ ಒಂದು ದುಃಖದ ಹಿನ್ನೆಲೆಯಿದೆ. 1940ರ ಮೇ 14ರಂದು ಜರ್ಮನ್ ವಿಮಾನಗಳ ಬಾಂಬ್ ದಾಳಿಗೆ ರಾಟರ್‌ಡ್ಯಾಮ್‌ನ ನಡುಭಾಗವೆಲ್ಲ ಸುಟ್ಟುಹೋಯಿತು. ಸುಮಾರು 80 ಸಾವಿರ ಜನ ಮನೆ ಕಳೆದುಕೊಂಡರು. ಬೇರೆ ಡಚ್ ನಗರಗಳಲ್ಲಿ ಕಾಣುವ ಕಾಲುವೆ ಬದಿಯ ಹಳೆಯ ಮನೆಗಳು ಇಲ್ಲಿ ಇಲ್ಲದಿರುವುದಕ್ಕೂ, ಹೊಸದನ್ನು ಕಟ್ಟಲು ಈ ನಗರ ಹಿಂಜರಿಯದಿರುವುದಕ್ಕೂ ಇದೇ ಕಾರಣ. ಹಳೆ ಬಂದರಿನ ಸುತ್ತಲಿನ ಜಾಗಕ್ಕೆ ಮತ್ತೆ ಜೀವ ಬರಬೇಕು, ವಾಹನ ತುಂಬಿದ ರಸ್ತೆಯನ್ನು ದಾಟಿ ಜನ ಪೇಟೆಯ ಕಡೆಯಿಂದ ಬಂದರಿನ ಕಡೆಗೆ ನಡೆದು ಬರಬೇಕು ಎಂಬ ಉದ್ದೇಶಕ್ಕೆ, ಮನೆಗಳೇ ಸೇತುವೆಯಾಗುವ ಈ ಯೋಜನೆ ಹೊಂದಿಕೊಂಡಿತು.

ಹೊರಡುವ ಮುನ್ನ ಮನೆಯಲ್ಲಿಯೇ ಮಾಡಬಹುದಾದ ಒಂದು ತಯಾರಿ ಇದೆ, ಇದಕ್ಕೆ ಒಂದು ದೊಡ್ಡ ಆಲೂಗೆಡ್ಡೆ ಸಾಕು. ಅದನ್ನು ಹೆರೆದು, ಆರೂ ಮುಖ ಸಮನಾಗಿರುವ ಚೌಕದ ತುಂಡಾಗಿ ಕತ್ತರಿಸಿಕೊಳ್ಳಿ. ಒಂದು ಮೂಲೆ ಮಣೆಗೆ ತಾಗುವಂತೆ, ಅದರ ಎದುರಿನ ಮೂಲೆ ನೇರ ಮೇಲೆ ಬರುವಂತೆ ಬೆರಳಲ್ಲಿ ಹಿಡಿದು ನೋಡಿ. ಮೂರು ಮುಖಗಳು ನೆಲವನ್ನು ನೋಡುತ್ತವೆ, ಮೂರು ಆಕಾಶವನ್ನು ನೋಡುತ್ತವೆ. ಈಗ ಚಾಕುವನ್ನು ಮಣೆಗೆ ಸಮಾನಾಂತರವಾಗಿ ಹಿಡಿದು ಮೇಲಿನಿಂದ ಒಂದೊಂದೇ ಬಿಲ್ಲೆ ತೆಗೆಯುತ್ತ ಬಂದರೆ, ಮೊದಲು ಬರುವುದು ಚಿಕ್ಕ ತ್ರಿಕೋನ, ಆಮೇಲೆ ದೊಡ್ಡ ತ್ರಿಕೋನ, ಸರಿಯಾಗಿ ನಡುವಿಗೆ ಬಂದಾಗ ಜೇನುಗೂಡಿನ ಕಣ್ಣಿನಂಥ ಆರು ಬದಿಯ ಬಿಲ್ಲೆ, ಕೆಳಗೆ ಹೋದಂತೆ ಮತ್ತೆ ತ್ರಿಕೋನ, ಆದರೆ ಅದು ತಿರುಗಿ ನಿಂತಿರುತ್ತದೆ. ಆ ಮನೆಯ ಅಂತಸ್ತುಗಳ ನಕ್ಷೆ ಇದೇ. ಕೆಳಗಿನ ಅಂತಸ್ತು ಏಕೆ ತ್ರಿಕೋನ, ಕಂಬಕ್ಕೆ ಏಕೆ ಆರು ಮುಖ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಮಗಳು ಕಾಗದದ ಮೇಲೆ ಚಿತ್ರ ಬರೆದು ಎರಡು ಸಲ ಹೇಳಿದರೂ ನನಗೆ ತಿಳಿಯದಿದ್ದದ್ದು ಈ ಆಲೂಗೆಡ್ಡೆಯಿಂದ ತಿಳಿಯಿತು. ಬಿಲ್ಲೆಗಳು ಅಂದಿನ ಹುಳಿಗೆ ಹೋದವು.

ವೀಸಾದ ವಿಷಯವನ್ನು ಚುಟುಕಾಗಿ ಮುಗಿಸುತ್ತೇನೆ. ಬೇಕಾದದ್ದು ಷೆಂಗನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಸಲ್ಲಿಸಬಹುದು, ತಡವೆಂದರೆ 15 ದಿನ ಮೊದಲಾದರೂ ಸಲ್ಲಿಸಿರಬೇಕು. ಕನಿಷ್ಠ 30 ಸಾವಿರ ಯೂರೋ ವ್ಯಾಪ್ತಿಯ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಮಕ್ಕಳ ಮನೆಯಲ್ಲಿ ಉಳಿಯುವುದಾದರೆ ಅದಕ್ಕೆಂದೇ ಇರುವ ನಮೂನೆಯನ್ನು ಅವರು ಭರ್ತಿ ಮಾಡಿ, ಅಲ್ಲಿನ ನಗರಸಭೆಯಲ್ಲಿ ಸಹಿಯನ್ನು ದೃಢೀಕರಿಸಿ ಕಳುಹಿಸಬೇಕಾಗುತ್ತದೆ. ಇದಕ್ಕೆ ಸಮಯ ಹಿಡಿಯುವುದರಿಂದ ಮೊದಲೇ ಹೇಳಿಡಿ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಲೇಬೇಕು. ಬೆಳಗಿನ ಜನಶತಾಬ್ದಿಯಲ್ಲಿ ಹೋಗುವುದಾದರೂ ಅದೇ ದಿನದ ಸಮಯ ಕಾದಿರಿಸದೆ ಮರುದಿನಕ್ಕೆ ಇಟ್ಟುಕೊಂಡರೆ ಉಸಿರಾಡಲು ಆಗುತ್ತದೆ.

ಋತುವಿನ ಮಟ್ಟಿಗೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗಿನ ಅವಧಿ ನಮ್ಮ ತೋಟದ ಲೆಕ್ಕಕ್ಕೂ ಅಲ್ಲಿನ ಬೆಳಕಿನ ಲೆಕ್ಕಕ್ಕೂ ಸರಿಹೋಗುತ್ತದೆ. ಡಿಸೆಂಬರಿನಲ್ಲಿ ಹೋದರೆ ಸಂಜೆ ನಾಲ್ಕೂವರೆಗೆ ಕತ್ತಲಾಗಿರುತ್ತದೆ. ಏಪ್ರಿಲ್ 27 ಅಲ್ಲಿನ ರಾಜನ ಹುಟ್ಟುಹಬ್ಬ, ಊರೆಲ್ಲ ಬೀದಿಯಲ್ಲಿರುತ್ತದೆ. ಆ ದಿನ ಈ ಮನೆಗಳನ್ನು ನೋಡುವ ಯೋಚನೆ ಬೇಡ. ಮಳೆ ಯಾವ ತಿಂಗಳಲ್ಲಿಯೂ ಬರಬಹುದು. ಆಗುಂಬೆಯ ಮಳೆ ಕಂಡವರಿಗೆ ಅದು ಮಳೆಯೆನಿಸುವುದಿಲ್ಲ, ಆದರೆ ಗಾಳಿಯೊಡನೆ ಅಡ್ಡಡ್ಡ ಬೀಸುವುದರಿಂದ ಕೊಡೆ ನಿಲ್ಲುವುದಿಲ್ಲ. ಟೋಪಿಯುಳ್ಳ ಮಳೆಯಂಗಿಯೇ ಸರಿ.

ಸ್ಕಿಪೋಲ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣವಿದೆ. ಅಲ್ಲಿಂದ ರಾಟರ್‌ಡ್ಯಾಮ್ ಸೆಂಟ್ರಾಲ್‌ಗೆ ವೇಗದ ರೈಲಿನಲ್ಲಿ ಅರ್ಧ ಗಂಟೆಯೊಳಗಿನ ಪ್ರಯಾಣ, ಅದಕ್ಕೆ ಸ್ವಲ್ಪ ಹೆಚ್ಚುವರಿ ಶುಲ್ಕವಿದೆ. ಹೇಗ್ ಮತ್ತು ಡೆಲ್ಫ್ಟ್ ಮೇಲೆ ಬರುವ ರೈಲಿಗೆ ಆ ಶುಲ್ಕವಿಲ್ಲ, ಸಮಯ ಹೆಚ್ಚು. ನೀವು ಇಳಿಯಬೇಕಾದ ನಿಲ್ದಾಣ ಸೆಂಟ್ರಾಲ್ ಅಲ್ಲ, ಅದರ ಮುಂದಿನ 'ರಾಟರ್‌ಡ್ಯಾಮ್ ಬ್ಲಾಕ್'. ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ, ನಿಧಾನದ ರೈಲುಗಳು ನಿಲ್ಲುತ್ತವೆ. ಮೆಟ್ರೋ ಮತ್ತು ಟ್ರಾಮ್ ಕೂಡ ಅಲ್ಲಿಗೆ ಬರುತ್ತವೆ.

ಅಲ್ಲಿ ಟಿಕೆಟ್‌ಗೆ ಕೌಂಟರಿನ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ವಿದೇಶದಲ್ಲಿ ನಡೆಯುವ, ತಾಗಿಸಿ ಹಣ ಕೊಡಬಹುದಾದ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇದ್ದರೆ ಹತ್ತುವಾಗ ಯಂತ್ರಕ್ಕೆ ತಾಗಿಸಬೇಕು, ಇಳಿದ ಮೇಲೆ ಮತ್ತೆ ಅದೇ ಕಾರ್ಡನ್ನು ತಾಗಿಸಬೇಕು. ಎರಡನೆಯದನ್ನು ಮರೆತರೆ ಹೋದ ದೂರಕ್ಕೆ ಸಂಬಂಧವೇ ಇಲ್ಲದ ಮೊತ್ತ ಕಡಿತವಾಗುತ್ತದೆ. ರೈಲಿನಿಂದ ಮೆಟ್ರೋಗೆ ಬದಲಾಯಿಸುವಾಗ ಸಂಸ್ಥೆ ಬೇರೆಯಾಗುವುದರಿಂದ ಒಂದರಿಂದ ಹೊರಬಂದದ್ದನ್ನೂ ಇನ್ನೊಂದಕ್ಕೆ ಒಳಹೋದದ್ದನ್ನೂ ಬೇರೆ ಬೇರೆಯಾಗಿ ದಾಖಲಿಸಬೇಕು. ಗಂಡ-ಹೆಂಡತಿ ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಇರಬೇಕು, ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲಾಗದು. ನಾನು ಮೊದಲ ದಿನ ಬ್ಲಾಕ್‌ನಲ್ಲಿ ಇಳಿದವನು ಎದುರಿನ ದೃಶ್ಯಕ್ಕೆ ಬೆರಗಾಗಿ ಕಾರ್ಡ್ ತಾಗಿಸದೆ ಹೊರನಡೆದೆ. ರಾತ್ರಿ ಮೊಬೈಲಿಗೆ ಬ್ಯಾಂಕಿನ ಸಂದೇಶ ಬಂದಾಗಲೇ ನೆನಪಾದದ್ದು.

ಬ್ಲಾಕ್ ನಿಲ್ದಾಣದಿಂದ ಮೇಲೆ ಬಂದಾಗ ತಲೆಯ ಮೇಲೆ ತಟ್ಟೆಯಂಥ ದೊಡ್ಡ ದುಂಡು ಮಾಡು ಕಾಣುತ್ತದೆ. ಒಂದು ಬದಿಗೆ ಕಮಾನಿನಾಕಾರದ ಮಾರುಕಟ್ಟೆ, ಇನ್ನೊಂದು ಬದಿಗೆ ಹಳದಿ ಘನಗಳು. ಮಾರುಕಟ್ಟೆಯ ಆಸೆಯನ್ನು ಆಮೇಲಕ್ಕೆ ಇಟ್ಟುಕೊಂಡು, ಮೊದಲು ಮೆಟ್ಟಿಲು ಹತ್ತಿ ಓವರ್‌ಬ್ಲಾಕ್ ಎಂಬ ಮೇಲಿನ ನಡೆದಾರಿಗೆ ಹೋಗಬೇಕು. ಬೆಳಿಗ್ಗೆ ಬೇಗ ಬಂದರೆ ಅಂಗಳದಂಥ ನಡುಜಾಗದಲ್ಲಿ ಜನ ಕಡಿಮೆ. ಅಲ್ಲಿ ನಿಂತು ನೇರ ಮೇಲೆ ನೋಡಿದರೆ, ಘನಗಳ ಚೂಪು ಅಂಚುಗಳ ನಡುವೆ ಆಕಾಶ ಕತ್ತರಿಸಿಟ್ಟ ನಕ್ಷತ್ರದಂತೆ ಕಾಣುತ್ತದೆ. ಫೋಟೋ ತೆಗೆಯುವುದಾದರೆ ಇಲ್ಲಿ, ಹೀಗೆ. ಕೆಳಮುಖವಾಗಿರುವ ಬದಿಗಳು ಹಳದಿ, ಮೇಲ್ಮುಖವಾಗಿರುವವು ಬೂದು ಬಣ್ಣದವು ಎಂಬುದನ್ನು ಗಮನಿಸಿ. ಮಳೆಗೆ ಒಡ್ಡಿಕೊಳ್ಳುವ ಮೂರು ಮುಖಗಳೇ ಇಲ್ಲಿ ಮಾಡು. ನಮ್ಮ ಕಡೆಯವರು ಯಾರು ಬಂದರೂ ಮೊದಲು ಕೇಳುವುದು 'ನೀರು ಎಲ್ಲಿ ಇಳಿಯುತ್ತದೆ' ಎಂದೇ. 54.7 ಡಿಗ್ರಿ ಇಳಿಜಾರಿನ ಮೇಲೆ ನೀರು ನಿಲ್ಲುವ ಪ್ರಶ್ನೆಯೇ ಇಲ್ಲ, ನಮ್ಮ ಹಂಚಿನ ಮಾಡೂ ಇಷ್ಟು ಕಡಿದಾಗಿರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇವು ಪ್ರದರ್ಶನದ ಗೊಂಬೆಮನೆಗಳಲ್ಲ, ಬಹುಪಾಲು ಮನೆಗಳಲ್ಲಿ ಸಂಸಾರಗಳು ವಾಸವಾಗಿವೆ. ಬಾಗಿಲ ಮುಂದೆ ಕುಂಡಗಳು, ಸೈಕಲ್ಲು, ಕಾಲೊರಸು ಎಲ್ಲವೂ ಇರುತ್ತವೆ. ಬಾಗಿಲು ತಟ್ಟುವುದು, ಕಿಟಕಿಯಲ್ಲಿ ಇಣುಕುವುದು, ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುವುದು ಸಲ್ಲದು. ಕಂಡಕಂಡವರೆಲ್ಲ ಒಳಗೆ ಹೇಗಿದೆಯೆಂದು ಕೇಳುತ್ತಿದ್ದುದರಿಂದಲೇ ಒಬ್ಬ ನಿವಾಸಿ ತಮ್ಮ ಘನವನ್ನು ನೋಡುಗರಿಗೆ ತೆರೆದರಂತೆ. ಅದೇ ಇಂದಿನ 'ಕೈಕ್-ಕ್ಯೂಬುಸ್', ಅಂದರೆ ನೋಡುವ ಘನ. ವಿಳಾಸ ಓವರ್‌ಬ್ಲಾಕ್ 70. ಪ್ರವೇಶಕ್ಕೆ ಸಣ್ಣ ಶುಲ್ಕವಿದೆ. ತೆರೆದಿರುವ ವೇಳೆಯನ್ನು ಹೊರಡುವ ದಿನವೇ ಅವರ ಜಾಲತಾಣದಲ್ಲಿ ನೋಡಿಕೊಳ್ಳಿ.

ಒಳಗೆ ಹೋಗುವ ಮೆಟ್ಟಿಲು ಇಕ್ಕಟ್ಟು, ಕಡಿದು, ತಿರುಗುತ್ತ ಏರುತ್ತದೆ. ಹಳೆಯ ಮನೆಯ ಉಪ್ಪರಿಗೆಗೆ ಏಣಿಮೆಟ್ಟಿಲು ಹತ್ತಿ ಅಭ್ಯಾಸವಿದ್ದವರಿಗೆ ಕಷ್ಟವಲ್ಲ, ಆದರೆ ಮಂಡಿನೋವಿನವರು ಎರಡು ಸಲ ಯೋಚಿಸಬೇಕು. ಗಾಲಿಕುರ್ಚಿಯಲ್ಲಿರುವವರಿಗೆ ಇದು ಸಾಧ್ಯವಿಲ್ಲ. ಬೆನ್ನಿನ ಚೀಲವನ್ನು ಮುಂದಕ್ಕೆ ಹಾಕಿಕೊಳ್ಳಿ. ಸೀರೆಯುಟ್ಟವರು ನೆರಿಗೆಯನ್ನು ತುಸು ಎತ್ತಿ ಸಿಕ್ಕಿಸಿಕೊಂಡರೆ ಒಳ್ಳೆಯದು. ಇಳಿಯುವಾಗ ಬೆನ್ನು ಮುಂದು ಮಾಡಿ, ಅಂದರೆ ಏಣಿ ಇಳಿಯುವಂತೆ ಇಳಿದರೂ ಯಾರೂ ನಗುವುದಿಲ್ಲ. ನನ್ನ ಹೆಂಡತಿ ಹಾಗೇ ಇಳಿದಳು, ಹಿಂದೆ ಬರುತ್ತಿದ್ದ ಜರ್ಮನ್ ದಂಪತಿ ಅದನ್ನು ನೋಡಿ ತಾವೂ ಹಾಗೇ ಇಳಿದರು.

ಮನೆ ಮೂರು ಹಂತದ್ದು, ಮೂರಕ್ಕೂ ಒಳ್ಳೆಯ ಹೆಸರುಗಳಿವೆ. ಕೆಳಗಿನದು 'ಬೀದಿಮನೆ'. ಇಲ್ಲಿ ಕೂರುವ ಕೋಣೆ ಮತ್ತು ಅಡುಗೆಯ ಜಾಗ. ನೆಲ ತ್ರಿಕೋನ, ಗೋಡೆಗಳು ನಿಮ್ಮಿಂದ ಆಚೆಗೆ ವಾಲಿಕೊಂಡು ಏರುತ್ತವೆ. ಕಿಟಕಿಗಳೂ ಹಾಗೆಯೇ ವಾಲಿರುವುದರಿಂದ, ಅದರ ಬಳಿ ಹೋದರೆ ಎದುರಿನ ಕಟ್ಟಡವಲ್ಲ, ಕೆಳಗೆ ನಡೆಯುವವರ ನೆತ್ತಿ ಕಾಣುತ್ತದೆ. ನಡುವಿನದು 'ಆಕಾಶಮನೆ'. ಇಲ್ಲಿ ಮಲಗುವ ಕೋಣೆಗಳು, ಸ್ನಾನದ ಮನೆ. ಕಿಟಕಿಗಳು ಮೇಲಕ್ಕೆ ತೆರೆದುಕೊಂಡು ಮೋಡ ತೋರಿಸುತ್ತವೆ. ತುದಿಯಲ್ಲಿರುವುದು 'ಎಲೆಗುಡಿಸಲು', ಮೂರು ಬದಿಯ ಗೋಪುರದಂಥ ಪುಟ್ಟ ಜಾಗ. ಸುತ್ತಲೂ 18 ಕಿಟಕಿ, ತೆರೆಯಬಹುದಾದ ಮೂರು ಮುಚ್ಚಳಗಳು. ನಮ್ಮ ಮಾಡಿನಲ್ಲಿ ಬೆಳಕಿಗೆಂದು ನಡುವೆ ಒಂದು ಗಾಜಿನ ಹಂಚು ಹಾಕುತ್ತೇವಲ್ಲ, ಅದೇ ಗಾಜಿನ ಹಂಚು ಮಾಡೆಲ್ಲ ಹಬ್ಬಿದರೆ ಹೇಗಿರುತ್ತದೋ ಹಾಗೆ.

ಈಗ ಗಮನಿಸಬೇಕಾದ ಮುಖ್ಯ ಸಂಗತಿಗೆ ಬರುತ್ತೇನೆ. ತುದಿಯ ಅಂತಸ್ತಿನಲ್ಲಿ ಗೋಡೆಗಳು ಒಳಕ್ಕೆ ವಾಲಿರುತ್ತವೆ. ಕಾಲಿಗೆ ಜಾಗವಿದೆ, ತಲೆಗಿಲ್ಲ. ಇದು ನಮಗೆ ಹೊಸತಲ್ಲ. ಅಟ್ಟದ ಸೂರಿನ ಕಡೆ ಹೋದಂತೆ ಬಗ್ಗುತ್ತ ಹೋಗುವುದು, ಎತ್ತರವಿಲ್ಲದ ಆ ಸಂದಿಯಲ್ಲಿ ಹಳೆಯ ಕಡಾಯಿ, ತೊಟ್ಟಿಲು, ಉಪ್ಪಿನಕಾಯಿ ಜಾಡಿ ಇಡುವುದು ಹುಟ್ಟಿದಂದಿನಿಂದ ಮೈಗೆ ಗೊತ್ತಿರುವ ವಿದ್ಯೆ. ಹೀಗಾಗಿ ಮೇಲಿನ ಅಂತಸ್ತಿನಲ್ಲಿ ಇತರ ಪ್ರವಾಸಿಗರು ತಲೆ ಬಡಿಸಿಕೊಳ್ಳುತ್ತಿದ್ದಾಗ ನಾನು ನಿರಾಯಾಸವಾಗಿ ಓಡಾಡಿದೆ. ನನಗೆ ಏನೂ ತೋಚದಂತಾದದ್ದು ಕೆಳಗಿನ ಬೀದಿಮನೆಯಲ್ಲಿ. ಅಲ್ಲಿ ಎಲ್ಲವೂ ತಲೆಕೆಳಗು. ತಲೆಗೆ ಜಾಗವಿದೆ, ಕಾಲಿಗಿಲ್ಲ. ಗೋಡೆಗೆ ಒರಗೋಣವೆಂದರೆ ಬೆನ್ನಿಗೆ ಗೋಡೆ ಸಿಗುವುದಿಲ್ಲ, ಹಿಮ್ಮಡಿ ಆಗಲೇ ಗೋಡೆಗೆ ತಾಗಿರುತ್ತದೆ. ಕಪಾಟನ್ನು ಗೋಡೆಗೆ ಸೇರಿಸಿ ಇಟ್ಟರೆ ಹಿಂದೆ ಮೇಲ್ಭಾಗದಲ್ಲಿ ಒಂದು ಮಗು ಅಡಗಿ ಕೂರುವಷ್ಟು ಸಂದಿ ಉಳಿಯುತ್ತದೆ. ಆದ್ದರಿಂದಲೇ ಇಲ್ಲಿನ ಆಸನ, ಮೇಜು, ಕಪಾಟುಗಳಲ್ಲಿ ಹೆಚ್ಚಿನವನ್ನು ಆಯಾ ಮೂಲೆಯ ಅಳತೆಗೆ ಮಾಡಿಸಿಕೊಂಡಿರುವುದು. ಮನೆಯ ಒಟ್ಟು ನೆಲ ಸುಮಾರು 100 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 1,075 ಚದರ ಅಡಿ. ಅದರಲ್ಲಿ ಕಾಲುಭಾಗದಷ್ಟು ಗೋಡೆಯ ಓರೆಯಿಂದಾಗಿ ಬಳಕೆಗೆ ಬರುವುದಿಲ್ಲ. ಮೂವತ್ತು-ನಲವತ್ತರ ಸೈಟಿನಲ್ಲಿ ಒಂದಿಂಚೂ ಬಿಡದೆ ಗೋಡೆ ಎಬ್ಬಿಸುವ ನಮ್ಮ ಶಿವಮೊಗ್ಗದ ಹೊಸ ಬಡಾವಣೆಗಳವರಿಗೆ ಈ ಕಾಲುಭಾಗದ ನಷ್ಟ ಹೊಟ್ಟೆ ಉರಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಕಿಟಕಿಯ ಆ ಓರೆಯಲ್ಲಿ ಮೊಣಕೈ ಊರಿ ಹತ್ತು ನಿಮಿಷ ನಿಂತ ಮೇಲೆ ಆ ಲೆಕ್ಕ ಅಷ್ಟು ಸರಳವಲ್ಲವೆನಿಸಿತು. ನಮ್ಮ ಜಗಲಿಯೂ ಲೆಕ್ಕಕ್ಕೆ ಸಿಗುವ ಜಾಗವಲ್ಲ.

ಆದ್ದರಿಂದ ಒಳಗೆ ಓಡುತ್ತ ನೋಡಬೇಡಿ. ಮೂರೂ ಹಂತಗಳಲ್ಲಿ ಗೋಡೆಗೆ ಅಂಗೈ ಇಟ್ಟು, ಹಿಮ್ಮಡಿ ಸೇರಿಸಿ, ಕೂತು, ಬಗ್ಗಿ ನೋಡಿ. ಒಟ್ಟು ಜಾಗ ಚಿಕ್ಕದಾದ್ದರಿಂದ ಗುಂಪು ಬಂದರೆ ಉಸಿರುಕಟ್ಟುತ್ತದೆ. ಅಂಥ ಹೊತ್ತಿನಲ್ಲಿ ಬೀದಿಮನೆಯ ಒಂದು ಮೂಲೆಯಲ್ಲಿ ನಿಂತು ಅವರು ಇಳಿದುಹೋಗುವವರೆಗೆ ಕಾಯುವುದು ಮೇಲು. ನೆಲಗಳು ಮತ್ತು ಕಂಬ ಕಾಂಕ್ರೀಟಿನವು, ಉಳಿದ ಚೌಕಟ್ಟು ಮರದ್ದು. ಮರಗೆಲಸ ಬಲ್ಲವರು ಓರೆ ಸೇರುವ ಕಡೆಗಳನ್ನು ವಿಶೇಷವಾಗಿ ನೋಡಬೇಕು.

ನೋಡುವುದಷ್ಟೇ ಸಾಲದು, ಒಂದು ರಾತ್ರಿ ಮಲಗಿ ಏಳಬೇಕು ಎನ್ನುವವರಿಗೆ ದಾರಿಯಿದೆ. ದೊಡ್ಡ ಘನವೊಂದರಲ್ಲಿ 2009ರಿಂದ ಸ್ಟೇಓಕೆ ಎಂಬ ಪ್ರವಾಸಿ ವಸತಿಗೃಹ ನಡೆಯುತ್ತಿದೆ. ಹಂಚಿಕೊಳ್ಳುವ ಕೋಣೆಗಳು, ಒಂದರ ಮೇಲೊಂದು ಮಂಚ, ಮಕ್ಕಳ ಗಲಾಟೆ ಎಲ್ಲವೂ ಇರುತ್ತವೆಂದು ತಿಳಿದೇ ಹೋಗಬೇಕು. ಕಾದಿರಿಸುವಾಗ ಕೆಳಗಿನ ಮಂಚ ಬೇಕೆಂದು ಕೇಳಿಕೊಳ್ಳಿ.

ಹೊರಬಂದ ಮೇಲೆ ಸೇತುವೆಯಿಂದ ಹಿಂದೆ ಇಳಿದರೆ ಹಳೆ ಬಂದರು. ಹಳೆಯ ಸರಕುದೋಣಿಗಳು ಅಲ್ಲಿ ಕಟ್ಟಿಕೊಂಡು ನಿಂತಿರುತ್ತವೆ. ನೀರಿನ ಬದಿಯಲ್ಲಿರುವ ಬಿಳಿಯ ಕಟ್ಟಡವೇ 1898ರ 'ಬಿಳಿಮನೆ'. 43 ಮೀಟರ್ ಎತ್ತರದ, ಹತ್ತು ಅಂತಸ್ತಿನ ಇದು ಯುರೋಪಿನ ಆರಂಭದ ಬಹುಮಹಡಿ ಕಟ್ಟಡಗಳಲ್ಲೊಂದು, ಬಾಂಬ್ ದಾಳಿಯಲ್ಲಿ ಉಳಿದುಕೊಂಡದ್ದು. ಅದನ್ನೂ ಹಳದಿ ಘನಗಳನ್ನೂ ಒಂದೇ ನೋಟದಲ್ಲಿ ಹಿಡಿಯಬೇಕೆಂದರೆ ಬಂದರಿನ ಎದುರು ದಂಡೆಗೆ ಹೋಗಿ. ಘನಗಳ ಪಕ್ಕದಲ್ಲಿ ಚೂಪು ತುದಿಯ ಗೋಪುರವೊಂದಿದೆ, ಊರವರು ಅದನ್ನು ಪೆನ್ಸಿಲ್ ಎನ್ನುತ್ತಾರೆ. ಅದೂ ಬ್ಲೋಮ್ ಅವರದೇ.

ಹಸಿವಾದರೆ ನಿಲ್ದಾಣದ ಬಳಿ ಕಂಡ ಆ ಕಮಾನಿನಾಕಾರದ ಮಾರುಕಟ್ಟೆಗೆ, ಅಂದರೆ ಮಾರ್ಕ್ಟ್‌ಹಾಲ್‌ಗೆ ಹೋಗಬಹುದು. 2014ರಲ್ಲಿ ತೆರೆದ ಈ ಕಮಾನಿನ ಒಳಗೆ ಮಾರುಕಟ್ಟೆ, ಕಮಾನಿನ ದಪ್ಪದೊಳಗೆ 228 ಮನೆಗಳು, ಒಳಮೈಯಲ್ಲಿ ಹಣ್ಣು-ತರಕಾರಿಗಳ ಬೃಹತ್ ಚಿತ್ರ. ಮಂಗಳವಾರ ಅಥವಾ ಶನಿವಾರ ಹೋದರೆ ಹೊರಗಿನ ಬಯಲಿನಲ್ಲಿ ಸಂತೆಯೂ ಇರುತ್ತದೆ, ಬೆಲೆಯೂ ಅಲ್ಲಿ ಕಡಿಮೆ. ಸಸ್ಯಾಹಾರಿಗಳು ಒಂದು ಮಾತು ನೆನಪಿಡಬೇಕು: ಸಾಂಪ್ರದಾಯಿಕ ಡಚ್ ಚೀಸ್‌ನಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ಪದಾರ್ಥ ಬಳಸುವುದುಂಟು, ಕೇಳಿಯೇ ಕೊಳ್ಳಿ. ಈ ನಗರದಲ್ಲಿ ಸುರಿನಾಮ್ ಮೂಲದವರ ಅಂಗಡಿಗಳು ಸಿಗುತ್ತವೆ. 1873ರಿಂದ ಕೂಲಿಗಳಾಗಿ ಉತ್ತರ ಭಾರತದಿಂದ ಆ ಡಚ್ ವಸಾಹತಿಗೆ ಹೋದವರ ಸಂತತಿ ಅವರಲ್ಲಿದೆ. ಅವರ ರೊಟ್ಟಿ-ಪಲ್ಯ ನಮ್ಮ ನಾಲಿಗೆಗೆ ಹತ್ತಿರ. ನಲ್ಲಿಯ ನೀರು ಕುಡಿಯಲು ಯೋಗ್ಯ, ಬಾಟಲಿ ಜೊತೆಗಿರಲಿ. ಶೌಚಾಲಯಕ್ಕೆ ಹಲವು ಕಡೆ ಹಣ ಕೊಡಬೇಕು, ಎಷ್ಟೋ ಅಂಗಡಿಗಳಲ್ಲಿ ನೋಟು ತೆಗೆದುಕೊಳ್ಳುವುದಿಲ್ಲ.

ಐಂಡ್‌ಹೋವನ್ ಕಡೆ ಮಕ್ಕಳಿರುವವರು ಇಷ್ಟು ದೂರ ಬರಲಾಗದಿದ್ದರೆ ನಿರಾಶರಾಗಬೇಕಾಗಿಲ್ಲ. ಅಲ್ಲಿಂದ ರೈಲಿನಲ್ಲಿ ಸುಮಾರು ಹತ್ತು ನಿಮಿಷದ ಹೆಲ್ಮೊಂಡ್‌ನಲ್ಲಿ ಬ್ಲೋಮ್ ಅವರು ರಾಟರ್‌ಡ್ಯಾಮ್‌ಗಿಂತ ಮೊದಲು, 1970ರ ದಶಕದಲ್ಲಿ ಕಟ್ಟಿದ ಘನಾಕೃತಿ ಮನೆಗಳಿವೆ. ಅವುಗಳ ನಡುವೆ ಇದ್ದ ರಂಗಮಂದಿರ 2011ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾಯಿತು. ಅಲ್ಲಿ ಜನಸಂದಣಿ ಇಲ್ಲ, ಆದರೆ ಕೈಕ್-ಕ್ಯೂಬುಸ್‌ನಂತೆ ನೋಡಲು ತೆರೆದಿಟ್ಟ ಮನೆ ಬೇಕೆಂದರೆ ರಾಟರ್‌ಡ್ಯಾಮ್‌ಗೇ ಬರಬೇಕು.

ಸಮಯವಿದ್ದರೆ ಸಂಜೆಯವರೆಗೆ ಹಳೆ ಬಂದರಿನ ಕಟ್ಟೆಯ ಮೇಲೆ ಕೂರಿ. ಮೇ ತಿಂಗಳ ಕೊನೆಯಲ್ಲಿ ರಾತ್ರಿ ಒಂಬತ್ತೂವರೆ ದಾಟಿದ ಮೇಲೆ ಕತ್ತಲಾಗತೊಡಗಿದಂತೆ ಒಂದೊಂದೇ ಎಲೆಗುಡಿಸಲಿನಲ್ಲಿ ದೀಪ ಹತ್ತುತ್ತದೆ. ಆಮೇಲೆ ಬ್ಲಾಕ್ ನಿಲ್ದಾಣಕ್ಕೆ ಐದು ನಿಮಿಷದ ನಡಿಗೆ. ಒಳಹೋಗುವಾಗ ಬೆಳಿಗ್ಗೆ ಬಳಸಿದ ಕಾರ್ಡನ್ನೇ ತಾಗಿಸಿ, ಇಳಿದ ಮೇಲೆ ಇನ್ನೊಮ್ಮೆ ತಾಗಿಸಿ.